ವ್ಯಾಯಾಮವೆಂಬ ರಹದಾರಿ

ನಲವತ್ತೆಂಟು ವರ್ಷದ ಹೆಂಗಸೊಬ್ಬಳು ಮನೆಯಲ್ಲಿ "ಡ್ಯಾನ್ಸ್ ಕ್ಲಾಸಿಗೆ ಸೇರಿಕೊಂಡೆ" ಎಂದು ಹೇಳಿ ನೋಡಲಿ. ಮಗಳು ಕಿಸಕ್ಕನೆ ನಗುತ್ತಾಳೆ. ಗಂಡ ಮೊಬೈಲಿನಿಂದ ತಲೆ ಎತ್ತುತ್ತಾನೆ. ಅತ್ತೆ ಏನೂ ಹೇಳುವುದಿಲ್ಲ, ಅವರು ಏನೂ ಹೇಳದಿರುವುದೇ ಒಂದು ಮಾತು. ಅದೇ ಹೆಂಗಸು "ಸೊಂಟನೋವಿಗೆ ವ್ಯಾಯಾಮ ಬೇಕು ಅಂದಿದ್ದಾರೆ ಡಾಕ್ಟರು, ಬೆಲ್ಲಿ ಡ್ಯಾನ್ಸ್ ಫಿಟ್‌ನೆಸ್ ಬ್ಯಾಚಿಗೆ ಹೋಗ್ತಿದ್ದೀನಿ" ಎಂದರೆ ಯಾರದೂ ತಕರಾರಿಲ್ಲ. ಸಂಜೆ ಏಳರಿಂದ ಎಂಟರವರೆಗೆ ಅಡುಗೆಮನೆಗೂ ರಜೆ.

ವ್ಯಾಯಾಮ ಎನ್ನುವುದು ನಮ್ಮ ಮನೆಗಳಲ್ಲಿ ಒಂದು ರಹದಾರಿ ಚೀಟಿ. ಅದನ್ನು ತೋರಿಸಿದರೆ ಯಾವ ಕುಣಿತವನ್ನಾದರೂ ಒಳಗೆ ಬಿಡುತ್ತಾರೆ. ಗೇಲಿ ಮಾಡಲು ಇದನ್ನು ಹೇಳುತ್ತಿಲ್ಲ. ಪುಣೆಯಲ್ಲಿ ನಾನೂ ಇದೇ ಚೀಟಿ ಹಿಡಿದು ಎರಡು ವರ್ಷ ಬೆಲ್ಲಿ ಡ್ಯಾನ್ಸ್ ಕ್ಲಾಸಿಗೆ ಹೋದವಳು, ಲಾಕ್‌ಡೌನಿನಲ್ಲಿ ಯೂಟ್ಯೂಬ್ ನೋಡಿಕೊಂಡು ಹಾಲಿನಲ್ಲಿ ಹುಲಾ ಮಾಡಿದವಳು. ಆದರೆ ರಹದಾರಿ ಎಂದ ಮೇಲೆ ಸುಂಕವೂ ಇರುತ್ತದೆ. ಕುಣಿತವೊಂದು ಜಿಮ್ಮಿನ ಬಾಗಿಲು ದಾಟುವಾಗ ಏನನ್ನಾದರೂ ಹೊರಗೆ ಬಿಟ್ಟು ಬರಬೇಕಾಗುತ್ತದೆ. ಬೆಲ್ಲಿ ಡ್ಯಾನ್ಸ್, ಹುಲಾ ಎರಡನ್ನೂ "ಸೊಂಟದ ಡ್ಯಾನ್ಸ್" ಎಂದು ಒಂದೇ ಗಂಟು ಕಟ್ಟುವ ಫಿಟ್‌ನೆಸ್ ಲೋಕ, ಎರಡೂ ಕೊಡುವ ಸುಂಕ ಒಂದೇ ಎಂದುಕೊಂಡಂತಿದೆ. ನನ್ನ ವಾದ ಇಷ್ಟು: ಬೆಲ್ಲಿ ಡ್ಯಾನ್ಸ್ ಕೊಡುವುದು ಚಿಲ್ಲರೆ, ಹುಲಾ ಕೊಡುವುದು ತನ್ನ ನಾಲಿಗೆಯನ್ನು.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಹುಲಾ ಎಂದಾಗ ಕನ್ನಡದ ಕಿವಿಗೆ ಮೊದಲು ಹುಳ ಬೀಳುತ್ತದೆ, ಅದು ಹೋಗಲಿ. ಸೊಂಟದಲ್ಲಿ ಪ್ಲಾಸ್ಟಿಕ್ ಬಳೆ ತಿರುಗಿಸುವುದೇ ಹುಲಾ ಎಂದು ತಿಳಿದವರು ಇನ್ನೂ ಹೆಚ್ಚು. 1958ರಲ್ಲಿ ಅಮೆರಿಕದ ವ್ಹಾಮ್-ಓ ಎಂಬ ಆಟಿಕೆ ಕಂಪನಿ ಮಾರಾಟಕ್ಕಿಟ್ಟ ಆ ಬಳೆಗೂ ಹವಾಯಿ ದ್ವೀಪಗಳ ನೃತ್ಯಕ್ಕೂ ಇರುವ ನಂಟು ಹೆಸರಿನದು ಮಾತ್ರ. ನಾನು ಹೇಳುತ್ತಿರುವುದು ನೃತ್ಯದ ಬಗ್ಗೆ.

ಇನ್ನು, ಈಜಿಪ್ಟಿನದೊಂದು, ಪೆಸಿಫಿಕ್ ಸಾಗರದ ನಡುವಿನದೊಂದು. ಇವೆರಡೂ ಒಂದೇ ಗಂಟಿಗೆ ಬಿದ್ದದ್ದು ಎಲ್ಲಿ? 1893 ಎಂದರೆ ನಮಗೆ ಶಿಕಾಗೋ, ಶಿಕಾಗೋ ಎಂದರೆ ವಿವೇಕಾನಂದರು. ಅವರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅಲ್ಲಿನ ದೊಡ್ಡ ವಿಶ್ವಮೇಳದ ಅಂಗವಾಗಿ. ಅದೇ ಮೇಳದ ಇನ್ನೊಂದು ತುದಿಯಲ್ಲಿ ಮಿಡ್‌ವೇ ಎಂಬ ಸುಮಾರು ಒಂದು ಮೈಲಿ ಉದ್ದದ ಮೋಜಿನ ಬೀದಿಯಿತ್ತು. ಪ್ರಪಂಚದ ಮೊದಲ ಫೆರಿಸ್ ವೀಲ್ ತಿರುಗಿದ್ದು ಅಲ್ಲೇ. ಅಲ್ಲಿ "ಕೈರೋ ಬೀದಿ" ಎಂಬ ಕೃತಕ ಗಲ್ಲಿ ಕಟ್ಟಿ, ಒಂಟೆ ಕತ್ತೆಗಳ ಜೊತೆಗೆ ಕುಣಿಯುವ ಹೆಂಗಸರನ್ನೂ ತೋರಿಸಿದರು. ಫ್ರೆಂಚರು ಆಗಲೇ ಆ ಕುಣಿತಕ್ಕೆ "ಹೊಟ್ಟೆಯ ನೃತ್ಯ" ಎಂದು ಹೆಸರಿಟ್ಟಿದ್ದರು. ಮಿಡ್‌ವೇಯ ಉಸ್ತುವಾರಿ ವಹಿಸಿದ್ದ ಸಾಲ್ ಬ್ಲೂಮ್ ಎಂಬ ಇಪ್ಪತ್ತಮೂರರ ಯುವಕ ಅದೇ ಹೆಸರಿನ ಬಲದಿಂದ ಜನ ಸೇರಿಸಿದ. ಹೊಟ್ಟೆ ಎಂಬ ಪದ ಸಭ್ಯರ ಬಾಯಲ್ಲಿ ಬರದ ಕಾಲ ಅದು. ಟಿಕೆಟ್ ಮಾರಾಟಕ್ಕೆ ಅಷ್ಟು ಸಾಕಾಯಿತು.

ಅದೇ ಮಿಡ್‌ವೇಯಲ್ಲಿ ಹುಲಾ ಕೂಡ ನಡೆಯಿತು. ಬಂದ ತಂಡದಲ್ಲಿ ಕಿನಿ ಕಪಾಹು ಎಂಬ ಯುವತಿಯಿದ್ದಳು, ಹವಾಯಿಯ ದೊರೆ ಕಲಾಕಾವನ ಆಸ್ಥಾನದಲ್ಲಿ ಕುಣಿದವಳು. ಅದೇ ವರ್ಷ ಜನವರಿ 17ರಂದು ಅವನ ತಂಗಿ, ರಾಣಿ ಲಿಲಿಉಒಕಲಾನಿಯನ್ನು ಅಮೆರಿಕನ್ ವ್ಯಾಪಾರಸ್ಥರ ಗುಂಪೊಂದು ಗದ್ದುಗೆಯಿಂದ ಇಳಿಸಿತ್ತು. ಬೆಂಬಲಕ್ಕೆ ಅಮೆರಿಕದ ನೌಕಾ ಸೈನಿಕರು ದಡಕ್ಕೆ ಇಳಿದಿದ್ದರು. ಆ ಗುಂಪಿನ ಮುಂದಾಳುಗಳಲ್ಲಿ ಒಬ್ಬನಾದ ಲೋರಿನ್ ಥರ್ಸ್ಟನ್, ಕಿಲಾವೇಯ ಜ್ವಾಲಾಮುಖಿಯ ಭಾರೀ ಸುತ್ತುಚಿತ್ರವನ್ನು ಮಿಡ್‌ವೇಯಲ್ಲಿ ಪ್ರದರ್ಶನಕ್ಕಿಟ್ಟು ಪ್ರವಾಸಿಗರನ್ನು ಕರೆಯುತ್ತಿದ್ದ. ಅಂದರೆ ನಾಡು ಕಳೆದುಕೊಂಡ ಹುಡುಗಿ ಒಂದು ಡೇರೆಯಲ್ಲಿ, ನಾಡು ಕಿತ್ತುಕೊಂಡವನು ಪಕ್ಕದ ಡೇರೆಯಲ್ಲಿ, ಇಬ್ಬರ ಟಿಕೆಟ್ಟೂ ಒಂದೇ ಬೀದಿಯಲ್ಲಿ. ಇತ್ತ ಅದೇ 1893ರಲ್ಲಿ ಮದರಾಸಿನ ಸಮಾಜ ಸುಧಾರಕರು ದೇವದಾಸಿಯರ ನಾಚ್ ಕಾರ್ಯಕ್ರಮಗಳಿಗೆ ಹೋಗಬೇಡಿ ಎಂದು ವೈಸ್‌ರಾಯ್‌ಗೂ ಗವರ್ನರ್‌ಗೂ ಮನವಿ ಕೊಟ್ಟರು. ಕುಣಿಯುವ ಹೆಣ್ಣನ್ನು ನೋಡಲು ಒಂದು ಕಡೆ ನೂಕುನುಗ್ಗಲು, ಇನ್ನೊಂದು ಕಡೆ ನೋಡಬೇಡಿ ಎಂಬ ಅರ್ಜಿ. ಅವಳನ್ನು ಮಾತನಾಡಿಸಿದವರು ಎರಡು ಕಡೆಯೂ ಕಡಿಮೆ.

ಬೆಲ್ಲಿ ಡ್ಯಾನ್ಸಿನ ಅರಬ್ಬೀ ಹೆಸರು ರಕ್ಸ್ ಶರ್ಕಿ, ಪೂರ್ವದ ನೃತ್ಯ. ಈಜಿಪ್ಟಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ, ಬಲದಿ. ಆ ಪದಕ್ಕೆ ಹೆಚ್ಚುಕಮ್ಮಿ "ನಮ್ಮೂರಿನದು" ಎಂದರ್ಥ. ಮದುವೆಮನೆಯಲ್ಲಿ, ಗೋರಂಟಿ ಹಚ್ಚುವ ರಾತ್ರಿಯಲ್ಲಿ, ಹೆಂಗಸರೇ ಸೇರಿದ ಕೋಣೆಯಲ್ಲಿ ಯಾರೋ ಒಬ್ಬಳು ಸೊಂಟಕ್ಕೆ ಬಟ್ಟೆ ಬಿಗಿದು ಎದ್ದು ನಿಲ್ಲುತ್ತಾಳೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಅವಳು ಕೂತ ಮೇಲೆ ಇನ್ನೊಬ್ಬಳ ಸರದಿ, ಅಜ್ಜಿಯ ಸರದಿಯೂ ಬರುತ್ತದೆ. ಅಲ್ಲಿ ಪ್ರೇಕ್ಷಕರು ಎಂಬ ಬೇರೆ ಜಾತಿ ಇಲ್ಲ.

ವೇದಿಕೆಯ ಕಥೆ ಬೇರೆ. ಹಣಕ್ಕಾಗಿ ಬೀದಿಯಲ್ಲಿ ಕುಣಿಯುತ್ತಿದ್ದ ಘವಾಜಿ ಹೆಂಗಸರನ್ನು 1834ರಲ್ಲಿ ಮುಹಮ್ಮದ್ ಅಲಿ ಪಾಷಾ ಕೈರೋದಿಂದ ಹೊರಹಾಕಿ ನೈಲ್ ನದಿಯ ಮೇಲ್ದಂಡೆಯ ಊರುಗಳಿಗೆ ಅಟ್ಟಿದ. 1926ರಲ್ಲಿ ಬದೀಆ ಮಸಾಬ್ನಿ ಎಂಬಾಕೆ ಕೈರೋದಲ್ಲಿ ತನ್ನದೇ ರಂಜನಾಗೃಹ ತೆರೆದಳು. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಅಲ್ಲಿಂದ ಹೊರಬಂದು ಸಿನಿಮಾ ತಾರೆಯರಾದರು. ಎಡ್ವರ್ಡ್ ಸೈದ್‌ನಂಥ ಗಂಭೀರ ವಿದ್ವಾಂಸ ತಹಿಯಾ ಮೇಲೆ ಒಂದು ಇಡೀ ಪ್ರಬಂಧ ಬರೆದಿದ್ದಾನೆ. ಅವನನ್ನು ಬೆರಗುಗೊಳಿಸಿದ್ದು ಅವಳ ನಿಶ್ಚಲತೆ, ಬಹುತೇಕ ನಿಂತಲ್ಲೇ ನಿಂತು ಮಾಡುತ್ತಿದ್ದ ಕುಣಿತ. ನಮ್ಮಲ್ಲಿ ಈ ಕುಣಿತ ಜನರ ಕಣ್ಣಿಗೆ ಬಿದ್ದದ್ದು ಸಿನಿಮಾದಲ್ಲಿ, "ಶೋಲೆ"ಯ ಹೆಲೆನ್ ಹಾಡಿನಂಥ ದೃಶ್ಯಗಳಲ್ಲಿ. ಆ ಸಿನಿಮಾದ ರಾಮಗಢ ನಮ್ಮ ರಾಮನಗರದ ಬಂಡೆಗಳೇ. ಆದರೆ ಅಲ್ಲೂ ನಡುವೆ ಹೆಣ್ಣು, ಸುತ್ತ ಗಬ್ಬರನ ಗಂಡಸರು.

ಅಮೆರಿಕದ ಮಧ್ಯಮವರ್ಗದ ಹೆಂಗಸರು ಇದನ್ನು 1970ರ ದಶಕದಲ್ಲಿ ಕ್ಲಾಸು, ಪುಸ್ತಕ, ಗ್ರಾಮಫೋನ್ ತಟ್ಟೆಗಳಿಂದ ಕಲಿತರು. ಟರ್ಕಿ ಮೂಲದ ಓಜೆಲ್ ತುರ್ಕ್‌ಬಾಶ್ ಹೊರತಂದ ಒಂದು ತಟ್ಟೆಯ ಹೆಸರಿನ ಅರ್ಥ "ನಿಮ್ಮ ಗಂಡನನ್ನು ಸುಲ್ತಾನನನ್ನಾಗಿ ಮಾಡುವುದು ಹೇಗೆ" ಎಂದು. ಆಗಿನ ರಹದಾರಿ ಅದು, ಗಂಡನ ಸಂತೋಷ. ಈ ಶತಮಾನದ ಆರಂಭದಲ್ಲಿ ಭಾರತೀಯ ಮೂಲದ ಅವಳಿಗಳಾದ ವೀಣಾ ಮತ್ತು ನೀನಾ ವಿಡಿಯೋಗಳಲ್ಲಿ ಇದನ್ನು ಕಲಿಸುವ ಹೊತ್ತಿಗೆ ರಹದಾರಿ ಬದಲಾಗಿತ್ತು, ಫಿಟ್‌ನೆಸ್. ಗಂಡನಿಗಾಗಿ ಕುಣಿಯುವುದಕ್ಕಿಂತ ಬೆನ್ನಿಗಾಗಿ ಕುಣಿಯುವುದು ಎಷ್ಟೋ ಮೇಲು ಎಂದು ನನಗನ್ನಿಸುತ್ತದೆ.

ಇಲ್ಲಿ ನಾನು ಶುದ್ಧತೆಯ ಪರವಾಗಿ ಮಾತನಾಡುವವರ ಜೊತೆ ಇಲ್ಲ. ನಮ್ಮ ಕ್ಲಾಸು ನಡೆಯುತ್ತಿದ್ದ ಕೋಣೆಯಲ್ಲಿ ಹದಿನಾಲ್ಕು ಹೆಂಗಸರು. ಇಪ್ಪತ್ತಾರರ ಸಾಫ್ಟ್‌ವೇರ್ ಹುಡುಗಿಯಿಂದ ಅರವತ್ತೊಂದರ ನಿವೃತ್ತ ಬ್ಯಾಂಕ್ ಮ್ಯಾನೇಜರ್‌ವರೆಗೆ. ಬಾಗಿಲು ಹಾಕಿದೆ, ಗಂಡಸರಿಲ್ಲ, ಸೊಂಟಕ್ಕೆ ಗಿಲಿಗಿಲಿ ಪದಕಗಳ ಬಟ್ಟೆ. ಕುಪ್ಪಸದ ಕೆಳಗೆ ಇಷ್ಟು ವರ್ಷ ಒಳಗೆಳೆದು ಹಿಡಿದಿದ್ದ ಹೊಟ್ಟೆಗಳು ಸಡಿಲವಾದದ್ದೂ ಅಲ್ಲೇ, ನಗುವೂ ಅಲ್ಲೇ. ಕೈರೋದ ನೈಟ್‌ಕ್ಲಬ್ಬಿಗಿಂತ, ಶಿಕಾಗೋದ ಡೇರೆಗಿಂತ, ರಾಮನಗರದ ಬಂಡೆಗಿಂತ ಆ ಕೋಣೆ ಈಜಿಪ್ಟಿನ ಮದುವೆಮನೆಗೆ ಹತ್ತಿರ. ಜಿಮ್ಮು ತಿಳಿಯದೆಯೇ ಆ ಕುಣಿತವನ್ನು ಅದರ ತವರಿಗೆ ಮರಳಿಸಿದೆ.

ದೇಹಕ್ಕೂ ಒಳ್ಳೆಯದೇ. ಎಗರುವುದಿಲ್ಲ, ಹಾಗಾಗಿ ಮಂಡಿಗೆ ಪೆಟ್ಟಿಲ್ಲ. ಎದೆ ಅಲುಗಿಸದೆ ಸೊಂಟವನ್ನಷ್ಟೇ, ಸೊಂಟ ಅಲುಗಿಸದೆ ಎದೆಯನ್ನಷ್ಟೇ ಚಲಿಸುವ ಅಭ್ಯಾಸ ಕಿಬ್ಬೊಟ್ಟೆಯ, ಕೆಳಬೆನ್ನಿನ ಒಳಸ್ನಾಯುಗಳಿಗೆ ಚೆನ್ನಾಗಿ ಕೆಲಸ ಕೊಡುತ್ತದೆ. ಹೊರಗಿನವರಿಗೆ ಸೊಂಟದ ನಡುಕವಾಗಿ ಕಾಣುವ ಶಿಮ್ಮಿ ನಿಜವಾಗಿ ಹುಟ್ಟುವುದು ಮಂಡಿಯ ಸಣ್ಣ ಮಡಚು-ಬಿಡಚಿನಲ್ಲಿ. ತೋಳಿನ ಬಲಕ್ಕೆ ಇದರಿಂದ ಹೆಚ್ಚೇನೂ ಸಿಗುವುದಿಲ್ಲ, ಅದಕ್ಕೆ ಭಾರವನ್ನೇ ಎತ್ತಬೇಕು.

ನನಗೆ ಸಿಟ್ಟು ಬರುವುದು ಜಾಹೀರಾತಿನ ಮೇಲೆ. "ಬೆಲ್ಲಿ ಡ್ಯಾನ್ಸ್ ಮಾಡಿ, ಬೆಲ್ಲಿ ಕರಗಿಸಿ." ಯಾವ ಭಾಗ ಅಲುಗುತ್ತದೋ ಆ ಭಾಗದ ಕೊಬ್ಬೇ ಕರಗುತ್ತದೆ ಎನ್ನುವುದು ಸುಳ್ಳು, ದೇಹ ಕೊಬ್ಬನ್ನು ತನಗೆ ಬೇಕಾದ ಕಡೆಯಿಂದ ತೆಗೆಯುತ್ತದೆ, ನಾವು ಬೆರಳಿಟ್ಟು ತೋರಿಸಿದ ಕಡೆಯಿಂದ ಅಲ್ಲ. ಅದಕ್ಕಿಂತ ದೊಡ್ಡ ತಮಾಷೆ ಎಂದರೆ, ಹೊಟ್ಟೆ ಇರುವುದು ನಾಚಿಕೆಯ ವಿಷಯವಲ್ಲ ಎಂದುಕೊಂಡ ಒಂದೇ ಒಂದು ಕುಣಿತವನ್ನು ಹಿಡಿದು ತಂದು ಅದರ ಕೈಯಲ್ಲೇ ಹೊಟ್ಟೆಯನ್ನು ಕೊಲ್ಲಿಸುವುದು. ಮೈದುಂಬಿದ ನರ್ತಕಿ ಕೈರೋದಲ್ಲಿ ಅಪರೂಪವೇನಲ್ಲ. ಅಲ್ಲಿ ಭಾರಕ್ಕೊಂದು ಲಯವಿದೆ.

ಇನ್ನೊಂದು ನಷ್ಟ ಸಂಗೀತದ್ದು. ತಕ್ಸೀಮ್ ಎಂದರೆ ತಾಳ ನಿಂತು ಊದ್ ಅಥವಾ ಕೊಳಲು ಒಂಟಿಯಾಗಿ ನುಡಿಯುವ ಭಾಗ, ನಮ್ಮ ಆಲಾಪದ ದೂರದ ನೆಂಟ. ಆಗ ನರ್ತಕಿ ಹೆಚ್ಚುಕಮ್ಮಿ ನಿಂತೇ ಬಿಡುತ್ತಾಳೆ, ಉಸಿರಿನಷ್ಟೇ ಅಲುಗುತ್ತಾಳೆ. ನಮ್ಮ ಕ್ಲಾಸಿನಲ್ಲಿ ಒಂದು ದಿನ ಹಾಡಿನ ನಡುವೆ ತಕ್ಸೀಮ್ ಬಂತು. ಟೀಚರು ಓಡಿಹೋಗಿ ಟ್ರ್ಯಾಕ್ ಮುಂದಕ್ಕೆ ತಳ್ಳಿದರು. "ಇದರಲ್ಲಿ ಕ್ಯಾಲೊರಿ ಇಲ್ಲ" ಎಂದರು, ನಗುತ್ತಾ. ಸೈದ್ ಬೆರಗಾದದ್ದು ಯಾವುದಕ್ಕೋ ಅದೇ ನಮ್ಮ ಪಾಲಿಗೆ ಬಿಟ್ಟುಹೋಯಿತು. ಆದರೂ ಇದನ್ನು ಚಿಲ್ಲರೆ ಸುಂಕ ಎನ್ನುತ್ತೇನೆ, ಏಕೆಂದರೆ ಮರಳಿ ಪಡೆಯುವುದು ಸುಲಭ. ಮನೆಗೆ ಬಂದು ಅದೇ ಹಾಡು ಹಾಕಿಕೊಂಡು ಕಣ್ಣು ಮುಚ್ಚಿ ನಿಂತರಾಯಿತು.

ಮರಳಿ ಕೊಡಲಾಗದ್ದು ಬೇರೆ ಇದೆ. ಈಜಿಪ್ಟಿನಲ್ಲಿ ನರ್ತಕಿಯಿಲ್ಲದ ಅದ್ದೂರಿ ಮದುವೆ ಸಪ್ಪೆ, ಆದರೆ ಅವಳು ಸೊಸೆಯಾಗಿ ಬರುವುದು ಯಾರಿಗೂ ಬೇಡ. 2020ರಲ್ಲಿ ಒಬ್ಬ ಪ್ರಸಿದ್ಧ ನರ್ತಕಿಗೆ ಸಾಮಾಜಿಕ ಜಾಲತಾಣದ ವಿಡಿಯೋಗಳಿಗಾಗಿ ಮೂರು ವರ್ಷ ಶಿಕ್ಷೆಯಾಯಿತು. ಅದೇ ಚಲನೆಗಳನ್ನು ಪುಣೆಯಲ್ಲಿ ನಾವು ಮಾಡಿದರೆ ಸೊಸೈಟಿಯ ವಾರ್ಷಿಕೋತ್ಸವದಲ್ಲಿ ಹೂಗುಚ್ಛ. ವ್ಯಾಯಾಮದ ಗೌರವ ನಮಗೆ ಬಂತು, ಕಲಿಸಿದವರಿಗೆ ಹೋಗಲಿಲ್ಲ. ದೇವದಾಸಿಯರ ಕೈಯಿಂದ ಭರತನಾಟ್ಯ ದಾಟಿ ಬಂದ ಬಗೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಹುಲಾ. ಯೂಟ್ಯೂಬಿನ "ಹುಲಾ ವರ್ಕೌಟ್"ಗಳಲ್ಲಿ ಕಾಲಿನ ಕೆಲಸ ಸರಿಯಾಗಿಯೇ ಇರುತ್ತದೆ. ಮಂಡಿ ಮಡಚಿ, ನಮ್ಮ ಅರೆಮಂಡಿಯ ಹಾಗೆ ಆದರೆ ಪಾದ ಮುಂದಕ್ಕಿಟ್ಟು, ಪಕ್ಕಕ್ಕೆ ನಾಲ್ಕೆಣಿಕೆಯ ಹೆಜ್ಜೆ: ಅದು ಕಾಹೋಲೋ. ಸೊಂಟದ ಸುತ್ತು: ಅಮಿ. ಹತ್ತು ನಿಮಿಷದಲ್ಲಿ ತೊಡೆ ಉರಿಯುತ್ತದೆ. ಮೇಲ್ಗಡೆ ಕೈಗಳು ಅಲೆಯಂತೆ ಆಡುತ್ತವೆ, ಪರದೆಯ ಮೇಲಿನ ಹುಡುಗಿ "ತೋಳಿಗೆ ಒಳ್ಳೆ ಟೋನಿಂಗ್" ಎನ್ನುತ್ತಾಳೆ. ತೊಂದರೆ ಇರುವುದು ಇಲ್ಲೇ. ಹುಲಾದ ಕೈಗಳು ಮಾತನಾಡುತ್ತವೆ. ಮೆಲೆ, ಅಂದರೆ ಹಾಡು ಅಥವಾ ಪಠಣ, ಇಲ್ಲದೆ ಹುಲಾ ಇಲ್ಲ. ವಾದ್ಯ ಇಲ್ಲದಿದ್ದರೂ ನಡೆದೀತು, ಮಾತಿಲ್ಲದೆ ನಡೆಯದು. ಬರವಣಿಗೆ ಇಲ್ಲದ ನಾಡೊಂದು ತನ್ನ ವಂಶಾವಳಿ, ದೇವತೆಗಳ ಕಥೆ, ಊರಿನ ಗಾಳಿಮಳೆ ಎಲ್ಲವನ್ನೂ ಈ ಹಾಡುಗಳಲ್ಲಿ ಕೂಡಿಟ್ಟಿತ್ತು. ಕುಣಿಯುವುದು ಅವುಗಳನ್ನು ನೆನಪಿಡುವ ದಾರಿಯಾಗಿತ್ತು.

ಮಳೆಯನ್ನೇ ತೆಗೆದುಕೊಳ್ಳಿ. ಹವಾಯಿ ಭಾಷೆಯಲ್ಲಿ ಮಳೆಗೆ 200ಕ್ಕೂ ಹೆಚ್ಚು ಹೆಸರುಗಳು ದಾಖಲಾಗಿವೆ. ಮಾನೋವ ಕಣಿವೆಯ ಮಳೆ ತುಆಹಿನೆ, ಹಿಲೋ ಊರಿನ ಮಳೆ ಕನಿಲೆಹುಆ. ಬೆರಳುಗಳನ್ನು ಮಿಡಿಸುತ್ತಾ ಮೇಲಿನಿಂದ ಕೆಳಗಿಳಿಸುವ ಕೈ ಯಾವುದೋ ಒಂದು ಊರಿನ, ಹೆಸರಿರುವ ಒಂದು ಮಳೆ. ಆರಿದ್ರೆ ಮಳೆ, ಮಘೆ ಮಳೆ, ಸೋನೆ, ಜಡಿ ಎಂದು ಬೇರೆ ಮಾಡಿ ಕರೆಯುವ ಕನ್ನಡದವರಿಗೆ ಇದರ ರುಚಿ ಬೇಗ ಹತ್ತಬೇಕು. ಆ ಕೈಯನ್ನು ಭುಜದ ವ್ಯಾಯಾಮವೆಂದು ಎಣಿಸುವುದು, ಭಾಗವತರ ಪದ ಆರಿಸಿ ಯಕ್ಷಗಾನದ ಹೆಜ್ಜೆಯನ್ನು ಮಾತ್ರ ಕಾರ್ಡಿಯೋ ಮಾಡಿದ ಹಾಗೆ. ಬೆವರು ಬರುತ್ತದೆ, ಒಪ್ಪಿದೆ.

ಇದು ಕೇವಲ ರಸಿಕರ ದೂರಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಆ ಮಾತುಗಳನ್ನು ಕಾಪಾಡಿಕೊಳ್ಳಲು ಅವರು ಪಟ್ಟ ಪಾಡು ನೋಡಿ. ಮಿಷನರಿಗಳ ಧರ್ಮಕ್ಕೆ ಸೇರಿದ ರಾಣಿ ಕಾಅಹುಮಾನು 1830ರಲ್ಲಿ ಸಾರ್ವಜನಿಕ ಹುಲಾವನ್ನು ನಿಷೇಧಿಸಿದಳು. 1859ರಲ್ಲಿ ಟಿಕೆಟ್ ಪ್ರದರ್ಶನಕ್ಕೆ ಲೈಸೆನ್ಸ್ ಕಾನೂನು ಬಂತು. ಹಳ್ಳಿಗಳಲ್ಲಿ, ಮನೆಗಳಲ್ಲಿ ಗುರುಗಳು ಕದ್ದು ಮುಚ್ಚಿ ಕಲಿಸಿದರು. 1883ರಲ್ಲಿ ತನ್ನ ಪಟ್ಟಾಭಿಷೇಕದಲ್ಲಿ ಕಲಾಕಾವ ಅರಮನೆಯ ಅಂಗಳದಲ್ಲೇ ಹುಲಾ ಆಡಿಸಿದ. ಮಿಷನರಿ ಮನೆತನಗಳು ಕೆಂಡವಾದವು. ಹತ್ತು ವರ್ಷಕ್ಕೆ ರಾಜ್ಯ ಹೋಯಿತು. 1896ರಲ್ಲಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ಕಡ್ಡಾಯವಾಯಿತು, ತಾಯ್ನುಡಿ ಆಡಿದ ಮಕ್ಕಳಿಗೆ ಏಟು ಬಿದ್ದ ನೆನಪುಗಳು ಅಲ್ಲಿನ ಮನೆಮನೆಯಲ್ಲಿವೆ. ಹವಾಯಿ ಭಾಷೆ ಮತ್ತೆ ಅಧಿಕೃತವಾದದ್ದು 1978ರಲ್ಲಿ. ಈ ನಡುವೆ ವೈಕಿಕಿ ಕಡಲತೀರದಲ್ಲಿ ಕ್ಯಾಮೆರಾ ರೀಲು ಮಾರಲೆಂದೇ ನಡೆಸಿದ ಕೊಡಾಕ್ ಹುಲಾ ಷೋ 1937ರಿಂದ 2002ರವರೆಗೆ ಓಡಿತು. ಆದರೆ 1971ರಿಂದ ಹಿಲೋ ಊರಿನಲ್ಲಿ, ಕಲಾಕಾವನ ಹೆಸರಿನ ಮೆರಿ ಮೊನಾರ್ಕ್ ಉತ್ಸವದಲ್ಲಿ ಹುಲಾ ಸ್ಪರ್ಧೆಯೂ ನಡೆಯುತ್ತಿದೆ. ಪಠಣ ತಪ್ಪಿದರೆ ಅಲ್ಲಿ ಸೊಂಟ ಎಷ್ಟು ಚೆನ್ನಾಗಿ ತಿರುಗಿದರೂ ಪ್ರಯೋಜನವಿಲ್ಲ. ಒಂದು ಭಾಷೆ ಮತ್ತೆ ಉಸಿರಾಡಲು ಕಲಿತದ್ದರಲ್ಲಿ ಹುಲಾ ಶಾಲೆಗಳ ಪಾಲು ದೊಡ್ಡದು. ಹೊರನಾಡಿನಲ್ಲಿ ಕೂತು ಮಕ್ಕಳಿಗೆ ಕನ್ನಡ ಓದಿಸಲು ಹೆಣಗುತ್ತಿರುವ ನಮ್ಮಂಥವರು "ಮಾತು ಬೇಡ, ಮೂವ್‌ಮೆಂಟ್ ಸಾಕು" ಎನ್ನುವುದು ನನಗೆ ಸರಿಕಾಣುವುದಿಲ್ಲ.

ಹಾಗಾದರೆ ಹುಲಾ ವ್ಯಾಯಾಮ ಆಗಬಾರದೇ? ಆಗಬಹುದು, ಆಗಿದೆ. ಹವಾಯಿ ವಿಶ್ವವಿದ್ಯಾಲಯದ ಕೆಯಾವೆಐಮೋಕು ಕಾಹೋಲೋಕುಲಾ ಮತ್ತು ಸಂಗಡಿಗರು ರಕ್ತದೊತ್ತಡವಿದ್ದ 263 ಮೂಲನಿವಾಸಿ ಹವಾಯಿಯನ್ನರನ್ನು ಎರಡು ಗುಂಪು ಮಾಡಿದರು. ಹೃದಯದ ಆರೋಗ್ಯದ ಪಾಠ ಇಬ್ಬರಿಗೂ. ಒಂದು ಗುಂಪಿಗೆ ಅದರ ಮೇಲೆ ಹುಲಾ. ಆರು ತಿಂಗಳಲ್ಲಿ ಹುಲಾ ಗುಂಪಿನ ಮೇಲಿನ ಒತ್ತಡ ಸರಾಸರಿ ಸುಮಾರು 15 ಅಂಕ ಇಳಿಯಿತು, ಇನ್ನೊಂದರದು ಸುಮಾರು 12. ಅಂತರ ಪವಾಡವೇನಲ್ಲ, ಆದರೆ ಅಂತರವೇ. ಗಮನಿಸಬೇಕಾದ್ದು ಬೇರೆ: ಅಲ್ಲಿ ಕಲಿಸಿದವರು ಕುಮು ಹುಲಾ, ಅಂದರೆ ಪರಂಪರೆಯ ಗುರುಗಳು. ಹಾಡು, ಅರ್ಥ, ಸಂಪ್ರದಾಯ ಎಲ್ಲ ಸೇರಿಯೇ ಕಲಿಸಿದರು. ಹುಲಾವನ್ನು ಔಷಧಿಯಾಗಿ ಕೊಟ್ಟ ವೈದ್ಯರೇ ಅದರ ಮಾತನ್ನು ಕತ್ತರಿಸಲಿಲ್ಲ.

ಹುಟ್ಟಿನಿಂದ ಹವಾಯಿಯವರೇ ಆಗಬೇಕೆಂದೂ ಇಲ್ಲ. ಜಪಾನಿನ ಫುಕುಷಿಮಾ ಪ್ರಾಂತ್ಯದ ಇವಾಕಿಯಲ್ಲಿ ಕಲ್ಲಿದ್ದಲು ಗಣಿಗಳು ಮುಚ್ಚುತ್ತಾ ಬಂದಾಗ ಗಣಿ ಕಂಪನಿ ಬಿಸಿನೀರ ಬುಗ್ಗೆಯನ್ನೇ ಬಂಡವಾಳ ಮಾಡಿಕೊಂಡು 1966ರಲ್ಲಿ ಹವಾಯಿ ಮಾದರಿಯ ವಿಹಾರಧಾಮ ತೆರೆಯಿತು. ಗಣಿಕಾರ್ಮಿಕರ ಹೆಣ್ಣುಮಕ್ಕಳು ಹುಲಾ ಕಲಿತು ಮನೆ ನಡೆಸಿದರು. 2006ರ "ಹುಲಾ ಗರ್ಲ್ಸ್" ಸಿನಿಮಾ ಅವರದೇ ಕಥೆ. ಇಂದು ಜಪಾನಿನ ಊರೂರಿನಲ್ಲಿ ನಡುವಯಸ್ಸಿನ ಹೆಂಗಸರು ಹುಲಾ ಕಲಿಯುತ್ತಾರೆ, ಆರೋಗ್ಯಕ್ಕೆಂದೇ ಬಹಳ ಜನ. ಹಾಡಿನ ಅರ್ಥವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ.

ನಾವು ಈ ವಿಷಯದಲ್ಲಿ ತೀರ ಅಮಾಯಕರೂ ಅಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸತೊಡಗಿದರು, ಮರುವರ್ಷ "ಯೋಗ ಮಕರಂದ" ಕನ್ನಡದಲ್ಲೇ ಪ್ರಕಟವಾಯಿತು. ಅವರ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಬಂದರು. ಈಗ ಪ್ರಪಂಚ ಯೋಗವೆಂದು ಮಾಡುತ್ತಿರುವ ಬಹಳಷ್ಟು ಆ ಎರಡು ಊರುಗಳಿಂದ ಹೊರಟ ಆಸನಗಳು. ಆ ಶಾಲೆಯಲ್ಲೂ ವ್ಯಾಯಾಮದ ಪಾಲು ದೊಡ್ಡದೇ ಇತ್ತು, ಅದರಿಂದ ಲಾಭವೂ ಆಯಿತು. ಆದರೂ ಬರ್ಲಿನ್ನಿನಲ್ಲಿ ಯಾರೋ ಬಿಯರ್ ಬಾಟಲಿ ಹಿಡಿದು ವೃಕ್ಷಾಸನ ಮಾಡಿದ ಫೋಟೋ ಬಂದರೆ ನಮ್ಮ ಫ್ಯಾಮಿಲಿ ಗ್ರೂಪುಗಳು ಎರಡು ದಿನ ಕುದಿಯುತ್ತವೆ. ಕುದಿಯಲಿ, ತಪ್ಪೇನಿಲ್ಲ. ಹುಲ್ಲಿನ ಲಂಗ, ತೆಂಗಿನ ಚಿಪ್ಪಿನ ಕುಪ್ಪಸ ತೊಟ್ಟು ನಾವು "ಹುಲಾ ನೈಟ್" ಮಾಡಿದಾಗ ಹಿಲೋದಲ್ಲೂ ಯಾರೋ ಕುದಿಯುತ್ತಾರೆ ಎಂಬುದಷ್ಟೇ ನೆನಪಿರಲಿ. ಹಳೆಯ ಹುಲಾದ ಉಡುಗೆ ಮರದ ತೊಗಟೆಯ ಬಟ್ಟೆ, ಎಲೆಗಳದು. ಹುಲ್ಲಿನ ಲಂಗ ಬೇರೆ ದ್ವೀಪದ ಕೂಲಿಗಳ ಜೊತೆ ಆಮೇಲೆ ಬಂದದ್ದು, ತೆಂಗಿನ ಚಿಪ್ಪು ಪ್ರವಾಸಿಗರಿಗಾಗಿ ಬಂದದ್ದು.

ಹಾಗಾಗಿ ಬೆಲ್ಲಿ ಡ್ಯಾನ್ಸ್ ಬ್ಯಾಚಿಗೆ ಸೇರಬೇಕೆಂದಿರುವವರು ಧಾರಾಳವಾಗಿ ಸೇರಿ, ಹೊಟ್ಟೆ ಕರಗದಿದ್ದರೆ ಫೀಸು ವಾಪಸ್ ಕೇಳಬೇಡಿ. ಹುಲಾ ಕಲಿಸುತ್ತೇವೆ ಎನ್ನುವವರನ್ನು ಮಾತ್ರ ಎರಡು ಪ್ರಶ್ನೆ ಕೇಳಿ: ಈ ಹಾಡು ಏನು ಹೇಳುತ್ತದೆ? ನಿಮಗೆ ಕಲಿಸಿದವರು ಯಾರು? ಎರಡಕ್ಕೂ ಉತ್ತರವಿಲ್ಲದಿದ್ದರೆ ಜುಂಬಾಕ್ಕೆ ಹೋಗುವುದು ವಾಸಿ, ಅದು ತಾನು ಜುಂಬಾ ಅಷ್ಟೇ ಎಂದು ಮೊದಲೇ ಒಪ್ಪಿಕೊಂಡಿದೆ. ಭಾಷೆ ಕಷ್ಟವೆಂಬ ನೆವ ಬೇಡ. ಹವಾಯಿ ಭಾಷೆಗೆ ಐದು ಸ್ವರ, ಎಂಟು ವ್ಯಂಜನ. ಸ್ವರಗಳಲ್ಲಿ ನಮ್ಮ ಹಾಗೆಯೇ ಹ್ರಸ್ವ ದೀರ್ಘ ಉಂಟು. ಪ್ರತಿ ಪದವೂ ಸ್ವರದಲ್ಲೇ ಮುಗಿಯಬೇಕು, ಬೇರೆ ಭಾಷೆಯಿಂದ ತಂದ ಪದವಾದರೂ ಸರಿ. ಕ್ರಿಸ್ಮಸ್ ಅವರ ಬಾಯಲ್ಲಿ ಕಲಿಕಿಮಾಕಾ. ಬಸ್ಸು, ಕಾರು, ಬ್ಯಾಂಕು ಎನ್ನುವ ನಮಗೆ ಅದನ್ನು ಉಚ್ಚರಿಸಲು ಒಂದು ವಾರ ಬೇಕಾಗಲಾರದು.